ಅಂಗನವಾಡಿ ಖಾಲಿಯಾಗಿದೆ, ಎಲ್‌ಕೆಜಿ ಮಕ್ಕಳು ಮುಂದಿದ್ದಾರೆ ಎನ್ನುವವರಿಗೆ ಲೆಕ್ಕ ಕೊಡುವುದು ಹೇಗೆ?

ಕುಷ್ಟಗಿ ಎಸ್‌ಡಿಎಂಸಿ ಸದಸ್ಯ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಪಾಲಕರು, ಶಿಕ್ಷಕರು, ಅಂಗನವಾಡಿಯವರು ಇಲ್ಲಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅಕ್ಷರ ಆವಿಷ್ಕಾರ ಯೋಜನೆಯಲ್ಲಿ ಎಲ್‌ಕೆಜಿ, ಯುಕೆಜಿ ಬಂದಿವೆ. 2024–25ರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಕೊಟ್ಟರಲ್ಲ, ಅದೇ. ಶಾಲೆಯ ಕಾಂಪೌಂಡಿನ ಆಚೆ ಬದಿಗೆ ಅಂಗನವಾಡಿ ಇದೆ.

ಬರುವ ಗ್ರಾಮಸಭೆಯಲ್ಲಿ ಕೆಲವರು ಒಂದು ವಿಷಯ ಎತ್ತಲಿದ್ದಾರೆ. ‘ಅಂಗನವಾಡಿಯಲ್ಲಿ ಮಕ್ಕಳೇ ಇಲ್ಲ. ಇರುವವರಿಗೆ ಅಕ್ಷರ ಬರುವುದಿಲ್ಲ. ಎಲ್‌ಕೆಜಿಯವರು ಎ ಬಿ ಸಿ ಡಿ ಬರೆಯುತ್ತಾರೆ. ಊರಿನ ಎರಡು ಕೇಂದ್ರಗಳನ್ನು ಸೇರಿಸಿ ಒಂದು ಮಾಡಿ ಎಂದು ಇಲಾಖೆಗೆ ಬರೆಯೋಣ.’ ಕೇಳಿದರೆ ತಲೆಯಾಡಿಸಬೇಕೆನಿಸುತ್ತದೆ. ಆದರೆ ಎಲ್‌ಕೆಜಿಯಲ್ಲಿ ಯಾರ ಮಕ್ಕಳಿದ್ದಾರೆ, ಅಂಗನವಾಡಿಯಲ್ಲಿ ಯಾರ ಮಕ್ಕಳು ಉಳಿದಿದ್ದಾರೆ ಎಂದು ಮನೆಮನೆಯ ಲೆಕ್ಕದಲ್ಲಿ ನೋಡಿದರೆ ನನಗೆ ಈ ಹೋಲಿಕೆಯೇ ಸರಿ ಕಾಣುತ್ತಿಲ್ಲ. ಕಿರಾಣಿ ಅಂಗಡಿಯವರ ಮಗಳನ್ನೂ ಕೂಲಿಗಾಗಿ ಗುಳೆ ಹೋಗಿ ಬಂದವರ ಮಗನನ್ನೂ ಒಂದೇ ಹಲಗೆಯ ಮುಂದೆ ನಿಲ್ಲಿಸಿ ಯಾವ ಟೀಚರ್ ಚೆನ್ನಾಗಿ ಕಲಿಸಿದರು ಎಂದು ತೀರ್ಪು ಕೊಡುವುದು ಹೇಗೆ? ಸಭೆಯಲ್ಲಿ ಮಾತಾಡಲು ನನಗೆ ಕೈಯಲ್ಲಿ ಏನಾದರೂ ಬೇಕು. ಅನುಭವವಿದ್ದವರು ಹೇಳಿ.

ಬಳ್ಳಾರಿ ಕೋಟೆ ಬದಿ

ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಪಾಲಕರು ಎಲ್ಲಿಗೆ ಕಳಿಸುತ್ತಾರೋ ಅದೇ ಚೆನ್ನಾಗಿದೆ ಎಂದು ಅರ್ಥ. ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನಿಸಿ ಮಲಗಿಸುತ್ತಾರೆ. ಬೆಂಗಳೂರಿನಲ್ಲಿ 2024ರ ಜುಲೈನಲ್ಲಿ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೊಸ ಬೋರ್ಡ್ ಹಾಕಿದರು. ನಮಗೆ ಆ ಬೋರ್ಡೂ ಬರಲಿಲ್ಲ.

ದೇವದುರ್ಗ ಕಾರ್ಯಕರ್ತೆ

ಉಪ್ಪಿಟ್ಟಿನ ಅಣ್ಣನವರಿಗೆ ನಮಸ್ಕಾರ. ಒಂದು ದಿನ ನಮ್ಮ ಕೇಂದ್ರಕ್ಕೆ ಬಂದು ಕುಳಿತುಕೊಳ್ಳಿ. ಮಲಗಿಸುವುದೂ ಮೂರು ವರ್ಷದ ಮಗುವಿಗೆ ಬೇಕಾದ ಕೆಲಸವೇ. ಅದಕ್ಕೆ ನಾಚಿಕೆಪಡುವಂಥದ್ದೇನಿಲ್ಲ.

ನಮ್ಮ ಕೆಲಸದ ಪಟ್ಟಿ ಹೇಳುತ್ತೇನೆ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳ ಮನೆಗೆ ಕೊಡುವ ಆಹಾರ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲೇ ಬಿಸಿಯೂಟ, ಹಾಲು, ಮೊಟ್ಟೆ. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣದಲ್ಲಿ ಗರ್ಭಿಣಿಯರ, ಬಾಣಂತಿಯರ ಊಟ. ತಿಂಗಳಿಗೊಮ್ಮೆ ಪ್ರತಿ ಮಗುವಿನ ತೂಕ, ಎತ್ತರ. ಅದನ್ನೆಲ್ಲ ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಏರಿಸುವುದು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತಿಸಬೇಕು. ಮೊದಲ ನೋಂದಣಿಗೆ ಒಟಿಪಿ ಬೇಕು. ಒಟಿಪಿ ಬರುವ ಮೊಬೈಲ್ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವ ಗಂಡನ ಜೇಬಿನಲ್ಲಿರುತ್ತದೆ. ಫೋನ್ ಮಾಡಿ, ಅವನು ಮೇಸ್ತ್ರಿಯ ಕಣ್ಣು ತಪ್ಪಿಸಿ ಆರು ಅಂಕಿ ಹೇಳುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಇದರ ಮೇಲೆ ಮತದಾರರ ಪಟ್ಟಿ, ಸರ್ವೆ, ಲಸಿಕೆಯ ದಿನ.

ಇಷ್ಟರ ನಡುವೆ ಚಿಲಿಪಿಲಿ ಪುಸ್ತಕ ಹಿಡಿದು ಹಾಡು, ಕಥೆ, ಬಣ್ಣ, ಎಣಿಕೆ ಮಾಡಿಸುತ್ತೇವೆ. ಅಕ್ಷರ ಬರೆಸುವುದಿಲ್ಲ, ಅದು ನಿಜ. ಆ ವಯಸ್ಸಿಗೆ ಬರೆಸಬೇಡಿ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಬರೆಸದಿದ್ದರೆ ಊರಿನವರು ಬೈಯುತ್ತಾರೆ, ಬರೆಸಿದರೆ ಮೇಲ್ವಿಚಾರಕಿ ಬೈಯುತ್ತಾರೆ.

2024ರ ಜೂನ್‌ನಲ್ಲಿ ನಾವು ಬೀದಿಗೆ ಇಳಿದದ್ದು ಎಲ್‌ಕೆಜಿಯ ಮೇಲಿನ ಸಿಟ್ಟಿನಿಂದ ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಎಲ್‌ಕೆಜಿ ಬೇಕಾದರೆ ನಮ್ಮಲ್ಲೇ ಕೊಡಿ, ತರಬೇತಿ ಕೊಡಿ ಎಂದು ಕೇಳಿದೆವು. ನಮ್ಮಲ್ಲಿ ಪದವಿ ಓದಿದವರು ಎಷ್ಟೋ ಜನ ಇದ್ದಾರೆ.

ರಾಯಚೂರು ಲೆಕ್ಕಿಗ

ಮೂಲ ಪ್ರಶ್ನೆಗೆ ಬರುತ್ತೇನೆ. ‘ಮಕ್ಕಳೇ ಇಲ್ಲ’ ಎಂಬ ಮಾತನ್ನು ಮೊದಲು ಪರೀಕ್ಷಿಸಿ. ಒಂದು ಅಂಗನವಾಡಿಗೆ ನಿಗದಿಯಾದ ಜನಸಂಖ್ಯೆ 400ರಿಂದ 800. ಸಾವಿರ ಜನಕ್ಕೆ ವರ್ಷಕ್ಕೆ 20 ಜನನ ಎಂದು ಉದಾರವಾಗಿಯೇ ಹಿಡಿಯೋಣ. 800 ಜನರಿಗೆ ವರ್ಷಕ್ಕೆ 16 ಮಕ್ಕಳು. ಮೂರರಿಂದ ಆರು ವರ್ಷ ಎಂದರೆ ಮೂರು ಸಾಲು, ಒಟ್ಟು 48. ಎಲ್‌ಕೆಜಿಗೆ ನಾಲ್ಕು ತುಂಬಿದವರು, ಯುಕೆಜಿಗೆ ಐದು ತುಂಬಿದವರು. ಎರಡು ಸಾಲು ಪೂರ್ತಿ ಎದ್ದು ಹೋದರೆ ಅಂಗನವಾಡಿಗೆ ಉಳಿಯುವವರು 16 ಮಕ್ಕಳು. ಕಾರ್ಯಕರ್ತೆ ಸಾಕ್ಷಾತ್ ಸರಸ್ವತಿಯೇ ಆಗಿದ್ದರೂ 16ರ ಮೇಲೆ ಒಂದು ಮಗು ಸಿಗುವುದಿಲ್ಲ. 400 ಜನರ ಕೇಂದ್ರವಾದರೆ ಎಂಟು. ಅದರಲ್ಲಿ ಇಬ್ಬರು ಖಾಸಗಿ ನರ್ಸರಿಯ ವ್ಯಾನ್ ಹತ್ತಿದರೆ ಆರು.

ಮಕ್ಕಳ ಸಂಖ್ಯೆಯೇ ಇಳಿಯುತ್ತಿದೆ ಎಂಬುದೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು, 1.7. ನಮ್ಮ ಭಾಗದಲ್ಲಿ ಸ್ವಲ್ಪ ಹೆಚ್ಚಿದ್ದರೂ ಇಳಿಮುಖವೇ.

ಇನ್ನು ‘ಯಾರು ಎಲ್ಲಿ ಕುಳಿತಿದ್ದಾರೆ’ ಎಂಬ ಪ್ರಶ್ನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ 59.56%, ಕೊಪ್ಪಳ 68.09%, ಬಳ್ಳಾರಿ 67.43%. ರಾಯಚೂರಿನಲ್ಲಿ ಪರಿಶಿಷ್ಟ ಜಾತಿ ಸುಮಾರು 21%, ಪರಿಶಿಷ್ಟ ಪಂಗಡ ಸುಮಾರು 19%. ಐವರಲ್ಲಿ ಇಬ್ಬರು. ಆಗ ಓದು ಬಾರದಿದ್ದ ಹುಡುಗಿಯರು ಈಗಿನ ಅಂಗನವಾಡಿ ಮಕ್ಕಳ ತಾಯಂದಿರು. ಮನೆಯಲ್ಲಿ ಪುಸ್ತಕ ಓದಿ ಹೇಳುವವರು ಇರುವ ಮಗು, ಇಲ್ಲದ ಮಗು ಎಂಬ ವ್ಯತ್ಯಾಸ ಯಾವ ಕೇಂದ್ರದ ಹಲಗೆಯ ಮೇಲೂ ಬರೆದಿರುವುದಿಲ್ಲ. ಮುಂದಿನ ಜನಗಣತಿ 2027ಕ್ಕೆ. ಅಲ್ಲಿಯವರೆಗೆ ಹದಿನೈದು ವರ್ಷ ಹಳೆಯ ಅಂಕಿಗಳ ಮೇಲೆ ನಾವೆಲ್ಲ ಪಂಡಿತರು.

ಬಳ್ಳಾರಿ ಕೋಟೆ ಬದಿ

ಲೆಕ್ಕಿಗರೇ, ಹಾಗಾದರೆ ಯಾರನ್ನೂ ಅಳೆಯಲೇಬಾರದೇ? ಬಡವರ ಮಕ್ಕಳು ಎಂದು ಹೇಳಿ ಕಳಪೆ ಕೇಂದ್ರವನ್ನೂ ಕಾಪಾಡಿಕೊಳ್ಳಬಹುದು.

ರಾಯಚೂರು ಲೆಕ್ಕಿಗ

ನಿಮ್ಮ ಮಾತು ನ್ಯಾಯವಾದದ್ದೇ. ಅಳೆಯಬೇಕು. ಆದರೆ ಜೂನ್‌ನಲ್ಲಿ ಸೇರಿದಾಗ ಮಗು ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು ಎಂದು ಅಳೆಯಿರಿ. ಮಾರ್ಚ್ ಒಂದನ್ನೇ ನೋಡಿದರೆ ನೀವು ಅಳೆದದ್ದು ಮನೆಯನ್ನು.

ಸಿಂಧನೂರು ನಲಿಕಲಿ ಶಿಕ್ಷಕ

ಒಂದನೇ ತರಗತಿಗೆ ಬರುವ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಿರುವವನಾಗಿ ಹೇಳುತ್ತೇನೆ. ಇದು ಸಮೀಕ್ಷೆಯಲ್ಲ, ನನ್ನ ತರಗತಿಯ ಮಾತು ಅಷ್ಟೇ.

ಖಾಸಗಿ ಎಲ್‌ಕೆಜಿಯಿಂದ ಬರುವ ಮಗು ಎ ಇಂದ ಝಡ್ ತನಕ ಒಂದೇ ಉಸಿರಿಗೆ ಬರೆಯುತ್ತದೆ. ನಡುವಿನ ‘ಎಂ’ ತೋರಿಸಿ ಇದು ಯಾವುದು ಎಂದರೆ ಮತ್ತೆ ಎ ಇಂದ ಹೊರಡುತ್ತದೆ. ಒಳ್ಳೆಯ ಅಂಗನವಾಡಿಯಿಂದ ಬರುವ ಮಗುವಿಗೆ ಅಕ್ಷರ ಬರುವುದಿಲ್ಲ, ಆದರೆ ಐದು ಕಲ್ಲು ತಾ ಎಂದರೆ ಐದನ್ನೇ ತರುತ್ತದೆ, ಕೇಳಿದ ಕಥೆಯನ್ನು ತಿರುಗಿ ಹೇಳುತ್ತದೆ, ಊಟಕ್ಕೆ ಮೊದಲು ಕೈ ತೊಳೆಯುತ್ತದೆ. ಒಳ್ಳೆಯ ಅಂಗನವಾಡಿ ಎಂದು ಒತ್ತಿ ಹೇಳುತ್ತಿದ್ದೇನೆ. ಬೀಗ ಹಾಕಿರುವ ಅಂಗನವಾಡಿಗಳನ್ನೂ ನೋಡಿದ್ದೇನೆ, ಹಾಜರಿ ಪುಸ್ತಕದಲ್ಲಿ ಮಾತ್ರ ತುಂಬಿರುವ ಕೇಂದ್ರಗಳನ್ನೂ ನೋಡಿದ್ದೇನೆ. ಕಾರ್ಯಕರ್ತೆ ಅಕ್ಕನವರು ಬೇಸರಿಸಬಾರದು.

ಮೂರನೆಯ ಗುಂಪು ಗುಳೆ ಹೋಗಿ ಬಂದವರದು. ದೀಪಾವಳಿ ಕಳೆದ ಮೇಲೆ ಹೋಗಿ, ಮುಂಗಾರಿಗೆ ವಾಪಸಾಗುತ್ತಾರೆ. ಅವರ ಮಕ್ಕಳಿಗೆ ಅದೂ ಇಲ್ಲ, ಇದೂ ಇಲ್ಲ. ಇಟ್ಟಿಗೆ ಎಣಿಸಲು ಬರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ವಿದ್ಯಾ ಪ್ರವೇಶ ಎಂದು 2021ರಲ್ಲಿ ತಂದ ಮೂರು ತಿಂಗಳ ಆಟದ ಪಾಠ ಈ ಅಂತರ ತುಂಬಲೆಂದೇ ಇರುವುದು. ಅದನ್ನು ಶ್ರದ್ಧೆಯಿಂದ ಮಾಡಿಸಿದ ವರ್ಷಗಳಲ್ಲಿ ದಸರೆಯ ಹೊತ್ತಿಗೆ ಮೊದಲೆರಡು ಗುಂಪುಗಳನ್ನು ಬೇರೆ ಮಾಡಿ ಗುರುತಿಸಲು ನನಗೆ ಕಷ್ಟವಾಗುತ್ತದೆ. ಮೂರನೆಯದು ಆಗಲೂ ಗುರುತು ಸಿಗುತ್ತದೆ, ಏಕೆಂದರೆ ಅವರು ಮತ್ತೆ ಹೊರಡುವ ತಯಾರಿಯಲ್ಲಿರುತ್ತಾರೆ.

ಕಾರಟಗಿ ಕ್ಯಾಂಪ್‌ನವ

ಗುರುಗಳೇ, ಭಾಷೆಯ ವಿಷಯವನ್ನು ಯಾರೂ ಎತ್ತಲಿಲ್ಲ. ತುಂಗಭದ್ರಾ ನೀರು ಬಂದ ಮೇಲೆ ಆಂಧ್ರದಿಂದ ಬಂದವರ ಮೊಮ್ಮಕ್ಕಳು ನಾವು. ಮನೆಯಲ್ಲಿ ತೆಲುಗು. ನನ್ನ ಮಗ ಅಂಗನವಾಡಿಗೆ ಹೋದ ಮೊದಲ ದಿನಗಳಲ್ಲಿ ಬಾಯಿಯೇ ಬಿಡಲಿಲ್ಲ. ಟೀಚರ್ ಅವನಿಗೆ ಮಾತು ನಿಧಾನ ಎಂದು ತಿಳಿದರು. ಮನೆಯಲ್ಲಿ ಅವನ ಬಾಯಿ ಮುಚ್ಚಿಸಲು ಅವನ ಅಜ್ಜಿಗೇ ಆಗುವುದಿಲ್ಲ.

ನಿಮ್ಮ ಸಿಂಧನೂರಿನಲ್ಲೇ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ರಾಯಚೂರು ಪೇಟೆಯ ಓಣಿಗಳಲ್ಲಿ ಉರ್ದು. ಸಾಧನೆ ಅಳೆಯುವಾಗ ಮಗುವಿಗೆ ಪ್ರಶ್ನೆ ಅರ್ಥವಾಯಿತೇ ಎಂಬುದನ್ನು ಮೊದಲು ನೋಡಬೇಕಲ್ಲ? ನಮ್ಮ ಕ್ಯಾಂಪ್‌ನ ಸಹಾಯಕಿ ತೆಲುಗಿನವರು. ಅವರು ಪಕ್ಕದಲ್ಲಿ ಕುಳಿತ ಮೇಲೆ ಮಗ ಹಾಡಿದ. ಇಂಗ್ಲಿಷ್ ಎಲ್‌ಕೆಜಿಗೆ ನಮ್ಮ ಕಡೆ ಇಷ್ಟು ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗೆ ಅನಿಸುತ್ತದೆ. ಕನ್ನಡವೂ ಹೊಸದು, ಇಂಗ್ಲಿಷೂ ಹೊಸದು, ಕಲಿಯುವುದಾದರೆ ಎರಡನೆಯದನ್ನೇ ಕಲಿಯಲಿ ಎಂಬ ಲೆಕ್ಕಾಚಾರ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ಮನೆಯವರ ಮುಂದೆ ಸೋತಿದ್ದೇನೆ.

ಎಲ್‌ಕೆಜಿ ಅತಿಥಿ ಶಿಕ್ಷಕಿ, ಯಲಬುರ್ಗಾ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್‌ಕೆಜಿ ಮಕ್ಕಳು ಜಾಣರು ಎನ್ನುವವರು ನನ್ನನ್ನು ಹೊಗಳುತ್ತಿದ್ದಾರೆ ಎಂದು ಸುಮ್ಮನಿರಬಹುದಿತ್ತು.

ಅಧಿಕೃತವಾಗಿ ನಾವು ಯಾರನ್ನೂ ಆರಿಸುವುದಿಲ್ಲ. ಆದರೂ ಆಯ್ಕೆ ನಡೆಯುತ್ತದೆ. ಪ್ರವೇಶಕ್ಕೆ ಜನನ ಪ್ರಮಾಣಪತ್ರ ಬೇಕು, ಆಧಾರ್ ಬೇಕು, ಹೆಸರು ಎರಡರಲ್ಲೂ ಒಂದೇ ತರಹ ಇರಬೇಕು. ಬೇಸಿಗೆಯಲ್ಲಿ ಊರಿನಲ್ಲಿದ್ದು ಪ್ರಕಟಣೆ ನೋಡಿದವರು ಮೊದಲು ಬರುತ್ತಾರೆ. ಗುಳೆಯಿಂದ ತಡವಾಗಿ ಬಂದವರಿಗೆ ಸೀಟು ಇರುವುದಿಲ್ಲ. ನನ್ನಲ್ಲಿ ಮೊದಲ ವರ್ಷ ಬಂದವರಲ್ಲಿ ಹಲವರು ಖಾಸಗಿ ಶಾಲೆಯಲ್ಲಿ ಒಂದು ವರ್ಷ ಶುಲ್ಕ ಕಟ್ಟಿ ಸಾಕಾಗಿ ಬಿಡಿಸಿಕೊಂಡು ಬಂದವರು. ಅವರ ಮಕ್ಕಳು ನನ್ನ ಹತ್ತಿರ ಬರುವ ಮೊದಲೇ ಪೆನ್ಸಿಲ್ ಹಿಡಿದಿದ್ದರು. ಅದರ ಕೀರ್ತಿ ನನಗೆ ಸಿಕ್ಕಿತು, ಬೇಡ ಎನ್ನಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕೆಲಸ ಆಯಾ ವರ್ಷದ್ದು. ಬೇಸಿಗೆಗೆ ಗೌರವಧನ ನಿಲ್ಲುತ್ತದೆ. ಮುಂದಿನ ಜೂನ್‌ಗೆ ನಾನೇ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಅಂಗನವಾಡಿಯ ಅಕ್ಕ ಅದೇ ಊರಿನವರು, ಮಗು ಹುಟ್ಟುವ ಮೊದಲಿನಿಂದ ಅದರ ತಾಯಿಯನ್ನು ಬಲ್ಲವರು. ಯಾವ ಮಗುವಿಗೆ ಆರೋಗ್ಯ ಸರಿಯಿಲ್ಲ ಎಂದು ನಾನು ಅವರನ್ನೇ ಕೇಳುತ್ತೇನೆ.

ಜೀನ್ಸ್ ಘಟಕದ ತಾಯಿ, ಬಳ್ಳಾರಿ

ಎಲ್ಲರೂ ಕಲಿಕೆ ಎನ್ನುತ್ತಿದ್ದೀರಿ. ನಾನು ಶಾಲೆ ಆರಿಸಿದ್ದು ಗಡಿಯಾರ ನೋಡಿ. ಹೊಲಿಗೆಯ ಪಾಳಿ ಮುಗಿಯುವುದು ಸಂಜೆ. ಅಂಗನವಾಡಿ ನಾಲ್ಕಕ್ಕೆ ಮುಗಿಯುತ್ತದೆ, ಎಷ್ಟೋ ಕಡೆ ಅದಕ್ಕೂ ಮೊದಲೇ ಮಕ್ಕಳನ್ನು ಕರೆದುಕೊಂಡು ಹೋಗಿ ಎನ್ನುತ್ತಾರೆ. ಖಾಸಗಿಯವರು ವ್ಯಾನ್ ಕಳಿಸಿ, ಟ್ಯೂಷನ್ ಎಂದು ಹೇಳಿ ಆರರ ತನಕ ಇಟ್ಟುಕೊಳ್ಳುತ್ತಾರೆ. ಅದಕ್ಕೆ ದುಡ್ಡು ಕೊಟ್ಟೆ. ಮಗಳು ಏನು ಕಲಿತಳು ಎಂದು ಕೇಳಬೇಡಿ.

ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಮಾಡಿದ್ದಾರೆ. ಒಳ್ಳೆಯದಾಯಿತು. ಪೇಟೆಯಲ್ಲಿ ಹೊಲಿಯುವವರ ಮಕ್ಕಳೂ ಕೂಸುಗಳೇ.

ಬಳ್ಳಾರಿ ಕೋಟೆ ಬದಿ

ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ‘ಪಾಲಕರು ಎಲ್ಲಿಗೆ ಕಳಿಸುತ್ತಾರೋ’ ಎಂದು ಮೇಲೆ ಬರೆದದ್ದಕ್ಕೆ ಗಡಿಯಾರವನ್ನೂ ಸೇರಿಸಿಕೊಳ್ಳುತ್ತೇನೆ. ಉಪ್ಪಿಟ್ಟಿನ ಮಾತು ಮಾತ್ರ ಹಾಗೆಯೇ ಇರಲಿ.

ನಿವೃತ್ತ, ಲಿಂಗಸುಗೂರು

ಸ್ವಲ್ಪ ಹಿಂದಿನದನ್ನು ಹೇಳುತ್ತೇನೆ, ಏಕೆಂದರೆ ಇಲ್ಲಿ ಅಂಗನವಾಡಿಯನ್ನು ಒಂದು ಬಡ ಎಲ್‌ಕೆಜಿ ಎಂಬಂತೆ ಮಾತಾಡುತ್ತಿದ್ದಾರೆ.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಹಸಿದ ಮಗು, ಬಸವಳಿದ ತಾಯಿ ಇವರಿಗಾಗಿ ಬಂದ ಯೋಜನೆ ಅದು. ಪಾಠ ಆರು ಸೇವೆಗಳಲ್ಲಿ ಒಂದು. 2011ರಲ್ಲಿ ಇದೇ ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸುದ್ದಿ ರಾಜ್ಯವನ್ನೆಲ್ಲ ಬೆಚ್ಚಿಬೀಳಿಸಿತ್ತು. ಹೈಕೋರ್ಟ್ ಮಧ್ಯೆ ಬಂತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ವರದಿ ಕೊಟ್ಟಿತು. ಅಂದು ಯಾರೂ ಈ ಮಕ್ಕಳಿಗೆ ಎ ಬಿ ಸಿ ಡಿ ಬರುತ್ತದೆಯೇ ಎಂದು ಕೇಳಲಿಲ್ಲ.

ಆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. 2019–21ರ ಸಮೀಕ್ಷೆಯಲ್ಲೂ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 32.9% ತೂಕ ಕಡಿಮೆ ಇರುವವರು. ರಾಜ್ಯದ ಸರಾಸರಿ ಇದು. ಮಗು ಅಂಗನವಾಡಿ ಬಿಟ್ಟು ಶಾಲೆಯ ಎಲ್‌ಕೆಜಿಗೆ ಹೋದರೆ ಊಟ ಸಿಗಬಹುದು, 2021ರ ಶಾಲಾ ಬಿಸಿಯೂಟದ ಯೋಜನೆ ಪಿಎಂ ಪೋಷಣ್‌ನಲ್ಲಿ ಬಾಲವಾಟಿಕಾ, ಅಂದರೆ ಒಂದನೇ ತರಗತಿಗೆ ಮೊದಲಿನ, ಮಕ್ಕಳನ್ನೂ ಸೇರಿಸಿದ್ದಾರೆ. ಆದರೆ ತಿಂಗಳಿಗೊಮ್ಮೆ ತೂಕ ಹಾಕಿ, ಕಡಿಮೆಯಾದರೆ ಮನೆ ಬಾಗಿಲಿಗೆ ಹೋಗುವವರು ಯಾರು? ಖಾಸಗಿ ನರ್ಸರಿಗೆ ಹೋದ ಮಗುವಿನ ತೂಕ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಗ್ರಾಮಸಭೆಯಲ್ಲಿ ಎರಡು ಕೇಂದ್ರ ಒಂದಾಗಿ, ತಾಂಡಾದ ಮಕ್ಕಳು ಹಳ್ಳ ದಾಟಿ ಬರಬೇಕಾದರೆ ಬಾರದೇ ಉಳಿಯುವವರು ಈ ಕಡಿಮೆ ತೂಕದವರೇ.

ರಾಯಚೂರು ಲೆಕ್ಕಿಗ

ನಿವೃತ್ತರ ಮಾತಿಗೆ ಒಂದು ಸೇರ್ಪಡೆ. ಈ ಜಗಳ ಈಗ ಯಾಕೆ ಇಷ್ಟು ಬಿಸಿಯಾಯಿತು ಎಂದರೆ ಐದು ವರ್ಷದ ಮಗುವಿನಿಂದಾಗಿ. ಮೊದಲು ಐದೂವರೆಗೆ ಒಂದನೇ ತರಗತಿಗೆ ಸೇರಿಸಿಬಿಡುತ್ತಿದ್ದೆವು. 2022ರ ಆದೇಶ ಜೂನ್ 1ಕ್ಕೆ ಆರು ತುಂಬಿರಬೇಕು ಎಂದಿತು. ಜಾರಿಯನ್ನು 2025–26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ, ಯುಕೆಜಿ ಮುಗಿಸಿದವರಿಗೆ ಒಂದು ಸಲಕ್ಕೆ ಐದು ವರ್ಷ ಐದು ತಿಂಗಳು ಸಾಕು ಎಂದು 2025ರ ಏಪ್ರಿಲ್‌ನಲ್ಲಿ ಸಡಿಲಿಸಿದರು. ಯುಕೆಜಿ ಮುಗಿಸಿದವರಿಗೆ ಎಂಬುದನ್ನು ಗಮನಿಸಿ. ಅಂಗನವಾಡಿಯಲ್ಲಿ ಮೂರು ವರ್ಷ ಕುಳಿತ ಮಗುವಿನ ಪಾಲಕರಿಗೆ ಇದು ಏನು ಹೇಳಿದಂತಾಯಿತು? ನಮ್ಮ ಓಣಿಯಲ್ಲೇ ಆ ತಿಂಗಳು ಪಾಲಕರು ಯುಕೆಜಿ ಕಾಗದ ಎಲ್ಲಿ ಸಿಗುತ್ತದೆ ಎಂದು ಅಲೆದರು.

ಅಂಗನವಾಡಿಯ ಅಂಕಿಗಳು ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ, ಶಾಲೆಯ ಅಂಕಿಗಳು ಶಿಕ್ಷಣ ಇಲಾಖೆಯಲ್ಲಿ. ಬೆಳಿಗ್ಗೆ ಖಾಸಗಿ ವ್ಯಾನ್ ಹತ್ತಿ, ಮೊಟ್ಟೆಯ ದಿನ ಮಾತ್ರ ಅಂಗನವಾಡಿಗೆ ಬರುವ ಮಗು ಎರಡು ಕಡೆಯೂ ಇರುತ್ತದೆ. ಗುಳೆ ಹೋದ ಮಗು ಎರಡು ಕಡೆಯೂ ಇರುವುದಿಲ್ಲ. ಜಿಲ್ಲೆಯ ಮೂರರಿಂದ ಆರು ವರ್ಷದ ಮಕ್ಕಳ ಸಾಧನೆ ಎಂದು ಯಾರಾದರೂ ಒಂದು ಅಂಕಿ ಹೇಳಿದರೆ, ಛೇದದಲ್ಲಿ ಯಾರಿದ್ದಾರೆ ಎಂದು ಕೇಳಿ.

ಕುಷ್ಟಗಿ ಎಸ್‌ಡಿಎಂಸಿ ಸದಸ್ಯ

ಎಲ್ಲರಿಗೂ ಧನ್ಯವಾದ. ಕೇಂದ್ರಗಳನ್ನು ಒಂದು ಮಾಡುವ ಮಾತು ಬಂದರೆ, ಮೊದಲು ಊರಿನ ಪಟ್ಟಿ ಮಾಡೋಣ ಎಂದು ಹೇಳುತ್ತೇನೆ. ಕಾರ್ಯಕರ್ತೆಯರ ಬಳಿ ಮನೆಮನೆ ಸರ್ವೆಯ ಪುಸ್ತಕ ಇದ್ದೇ ಇದೆ. ಮೂರರಿಂದ ಆರು ವರ್ಷದ ಪ್ರತಿ ಮಗು, ಈಗ ಎಲ್ಲಿ ಹೋಗುತ್ತಿದೆ, ವರ್ಷದಲ್ಲಿ ಎಷ್ಟು ತಿಂಗಳು ಊರಿನಲ್ಲಿರುತ್ತದೆ, ಮನೆಯ ಭಾಷೆ, ತಾಯಿಯ ಓದು, ಜಾತಿ ವರ್ಗ, ಕೇಂದ್ರಕ್ಕೆ ಇರುವ ದೂರ. ಕಲಿಕೆಗೆ ಅಕ್ಷರ ಬೇಡ. ಗುರುಗಳು ಹೇಳಿದಂತೆ ಐದು ಕಲ್ಲು, ಒಂದು ಕಥೆ, ಮಗುವಿನ ಭಾಷೆಯಲ್ಲೇ, ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ. ಎಲ್‌ಕೆಜಿಯ ಟೀಚರ್ ಅಂಗನವಾಡಿ ಮಕ್ಕಳನ್ನು ನೋಡಲಿ, ಅಂಗನವಾಡಿಯವರು ಎಲ್‌ಕೆಜಿ ಮಕ್ಕಳನ್ನು ನೋಡಲಿ. ಏನಾದರೂ ಬಿಟ್ಟುಹೋಗಿದೆಯೇ?

ಎಲ್‌ಕೆಜಿ ಅತಿಥಿ ಶಿಕ್ಷಕಿ, ಯಲಬುರ್ಗಾ

ಮಾರ್ಚ್ ಕೊನೆಯ ವಾರ ಬೇಡ, ಫೆಬ್ರುವರಿಗೆ ಇಟ್ಟುಕೊಳ್ಳಿ. ಯುಗಾದಿ, ಬಿಸಿಲು, ಜಾತ್ರೆ ಎಂದು ಮಾರ್ಚ್‌ನಲ್ಲಿ ಮಕ್ಕಳು ಸಿಗುವುದಿಲ್ಲ. ಖಾಸಗಿಗೆ ಹೋಗುವ ಮಕ್ಕಳನ್ನು ಭಾನುವಾರ ನೋಡಬೇಕಾಗುತ್ತದೆ, ಅದಕ್ಕೂ ಯಾರಾದರೂ ಒಪ್ಪಬೇಕು.

ದೇವದುರ್ಗ ಕಾರ್ಯಕರ್ತೆ

ಬಿಟ್ಟುಹೋದದ್ದು ತೂಕ. ನೀವು ಮಾಡಿದ ಪಟ್ಟಿಯಲ್ಲಿ ಅದೇ ಇಲ್ಲ. ಜಾತಿ ವರ್ಗ ನಮ್ಮ ಪುಸ್ತಕದಲ್ಲಿ ಈಗಾಗಲೇ ಇದೆ. ಬರೆದುಕೊಳ್ಳಿ, ಆದರೆ ಸಭೆಯಲ್ಲಿ ಹೆಸರು ಹಿಡಿದು ಓದಬೇಡಿ. ಒಟ್ಟು ಸಂಖ್ಯೆ ಮಾತ್ರ ಹೇಳಿ. ಇಂಥವರ ಮಗುವಿಗೆ ಏನೂ ಬರುವುದಿಲ್ಲ ಎಂದು ಒಮ್ಮೆ ಕಟ್ಟೆಯ ಮೇಲೆ ಮಾತಾದರೆ ಆ ತಾಯಿ ಮರುದಿನದಿಂದ ಮಗುವನ್ನು ಕಳಿಸುವುದಿಲ್ಲ.

ನಿಮ್ಮ ಊರಿನ ಕಾರ್ಯಕರ್ತೆಯರನ್ನು ಪಟ್ಟಿ ಕೊಡಿ ಎಂದು ಆಜ್ಞೆ ಮಾಡಬೇಡಿ, ಜೊತೆಗೆ ಕುಳಿತು ಬರೆಯಿರಿ. ಅವರ ಕೇಂದ್ರವನ್ನೇ ಮುಚ್ಚಲು ಬಂದಿದ್ದೀರಿ ಎಂದು ಅವರು ಮೊದಲು ಅಂದುಕೊಳ್ಳುತ್ತಾರೆ. ಎಲ್‌ಕೆಜಿ ಮಕ್ಕಳ ತೂಕ ಹಾಕಲು ಅವರ ಯಂತ್ರವನ್ನೇ ಒಂದು ದಿನ ಶಾಲೆಗೆ ತರಿಸಿ. ಗುರುವಾರ ಮಾತ್ರ ಬೇಡ, ಅಂದು ಲಸಿಕೆ.